ಸಾಹೇಬರ ರಜೆ, ಗೋಖಲೆಯವರ ಲೆಕ್ಕ

ಧಾರವಾಡದಲ್ಲಿ ಹತ್ತಿದ ಮೀಟರ್‌ಗೇಜ್ ಗಾಡಿ ಬೆಳಗಾವಿ, ಮಿರಜ್ ದಾಟಿ ಪುಣೆ ಸ್ಟೇಷನ್ನಿಗೆ ಬಂದು ನಿಲ್ಲುತ್ತದೆ. ಕಣ್ಣಲ್ಲಿ ಕಲ್ಲಿದ್ದಲ ಪುಡಿ, ಕೈಯಲ್ಲಿ ರೊಟ್ಟಿ ಬುತ್ತಿಯ ಗಂಟು. 1915ರ ಫೆಬ್ರುವರಿ. ಯುರೋಪಿನಲ್ಲಿ ಯುದ್ಧ ಹೊತ್ತಿ ಆರು ತಿಂಗಳು ದಾಟಿದೆ. ಹೊರಗೆ ಬಂದರೆ ಟಾಂಗಾದವನು ಕೇಳುತ್ತಾನೆ: "ಕ್ಯಾಂಪಾತ್ ಕೀ ಶಹರಾತ್?" ದಂಡಿನ ಕಡೆಗೋ, ಊರ ಕಡೆಗೋ? ನೀವು ಹೋಗಬೇಕಾದದ್ದು ಊರಾಚೆಯ ಫರ್ಗುಸನ್ ಕಾಲೇಜಿನ ಗುಡ್ಡದ ಬುಡಕ್ಕೆ. ಆದರೂ ಕ್ಯಾಂಪಿನ ಮೇಲೆ ಹಾದು ಹೋಗಲು ಹೇಳಿ. ಸ್ವಲ್ಪ ಸುತ್ತಾದರೂ ಚಿಂತೆಯಿಲ್ಲ.

ಬ್ಯಾರಕ್ಕುಗಳ ಮುಂದೆ ಮೊದಲಿನ ಗಲಾಟೆ ಇಲ್ಲ. ಆರನೇ ಡಿವಿಜನ್, ಅಂದರೆ 'ಪೂನಾ ಡಿವಿಜನ್', ಹಡಗು ಹತ್ತಿ ಹೋಗಿದೆ. 1914ರ ನವೆಂಬರ್ 6ರಂದು ಅದರ ಮೊದಲ ತುಕಡಿ ಪರ್ಷಿಯನ್ ಕೊಲ್ಲಿಯ ತಲೆಯಲ್ಲಿರುವ ಫಾವ್‌ನಲ್ಲಿ ಇಳಿಯಿತು. ಆ ತಿಂಗಳು ಮುಗಿಯುವುದರೊಳಗೆ ಬಸ್ರಾ ಕೈಗೆ ಬಂತು. ಡಿವಿಜನ್ನಿನ ಮೂರು ಬ್ರಿಗೇಡುಗಳಿಗೆ ಮೂರು ಊರಿನ ಹೆಸರು: ಪುಣೆ, ಅಹಮದ್‌ನಗರ, ಬೆಳಗಾವಿ. ರಾತ್ರಿ ನೀವು ಗಾಡಿಯಲ್ಲಿ ಅರೆನಿದ್ದೆಯಲ್ಲಿ ದಾಟಿ ಬಂದ ಬೆಳಗಾವಿಯ ದಂಡಿನಿಂದಲೂ ಜನ ಹೋಗಿದ್ದಾರೆ. 110ನೇ ಮರಾಠಾ ಪಲ್ಟನ್ ಈಗ ಟೈಗ್ರಿಸ್ ದಡದ ಕೆಸರಿನಲ್ಲಿದೆ. ಆ ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ. ದಿನಕ್ಕೆ ಆರಾಣೆಯೂ ಬೀಳುವುದಿಲ್ಲ.

ಇನ್ನು ಸ್ವಲ್ಪ ದೂರದಲ್ಲಿ ಗಣೇಶಖಿಂಡಿನ ದಾರಿ. ಅದರ ಕೊನೆಗೆ ಗವರ್ನರರ ಬಂಗಲೆ. ಮುಂಬೈ ಇಲಾಖೆಗೆ ರಾಜಧಾನಿ ಮುಂಬೈಯೇ ಆದರೂ ಬೇಸಿಗೆಗೆ ಸರ್ಕಾರ ಮಹಾಬಳೇಶ್ವರ ಹತ್ತುತ್ತದೆ, ಮಳೆಗಾಲಕ್ಕೆ ಪುಣೆಗೆ ಇಳಿಯುತ್ತದೆ. ಕಡತ, ಗುಮಾಸ್ತ, ಬಟ್ಲರ್, ಕುದುರೆ ಎಲ್ಲವೂ ಜೊತೆಗೇ. ಧಾರವಾಡ, ವಿಜಾಪುರ, ಬೆಳಗಾವಿ, ಕಾರವಾರದ ರೈತ ಕಟ್ಟುವ ಕಂದಾಯದಲ್ಲಿ ಈ ವರ್ಷಾವಧಿ ಮೆರವಣಿಗೆಯ ಪಾಲೂ ಸೇರಿದೆ.

ಇಲಾಖೆಯ ಹಿರಿಯ ಕಲೆಕ್ಟರಿಗೆ ತಿಂಗಳಿಗೆ 2,325 ರೂಪಾಯಿ. ಗವರ್ನರರ ಕಾರ್ಯಕಾರಿ ಮಂಡಲಿಯ ಸದಸ್ಯನಿಗೆ ವರ್ಷಕ್ಕೆ 64,000. ವೈಸರಾಯರಿಗೆ ವರ್ಷಕ್ಕೆ 2,50,800, ದಿನಕ್ಕೆ ಸುಮಾರು ಏಳುನೂರು. ಇವೇನೂ ಗುಟ್ಟಲ್ಲ, ಸರ್ಕಾರಿ ಪುಸ್ತಕದಲ್ಲೇ ಅಚ್ಚಾಗಿರುವ ಅಂಕಿಗಳು. ಕಂಡು ಸಿಟ್ಟಾಗಲು ಯಾರಿಗೂ ಕಷ್ಟವಿಲ್ಲ. ನೀವು ನೋಡಲು ಹೊರಟಿರುವವರು ಇಂಥ ಅಂಕಿ ಕಂಡು ಸಿಟ್ಟಾಗದೆ ಪೆನ್ಸಿಲ್ ತೆಗೆದವರು.

ಟಾಂಗಾ ಪೇಠೆಗಳ ಸಂದಿ ದಾಟಿ ಲಕಡೀ ಪೂಲ್ ಮೇಲೆ ಬರುತ್ತದೆ. ಕೆಳಗೆ ಮುಠಾ ನದಿ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿದೆ. ಆಚೆ ದಡದಲ್ಲಿ ಮನೆಗಳು ವಿರಳ, ಹೊಲ, ಬಯಲು, ಗುಡ್ಡ. ಗುಡ್ಡದ ಬುಡದಲ್ಲಿ ಫರ್ಗುಸನ್ ಕಾಲೇಜು. ಧಾರವಾಡದಲ್ಲಿ ಇನ್ನೂ ಕಾಲೇಜಿಲ್ಲ, ಕರ್ನಾಟಕ ಕಾಲೇಜು ಬರಲು ಇನ್ನೆರಡು ವರ್ಷ ಬೇಕು. ಹಾಗಾಗಿ ನಮ್ಮ ಕಡೆಯ ಹುಡುಗರು ಓದಿಗೆ ಇಲ್ಲಿಗೇ ಬರುತ್ತಾರೆ. ಮುಂದೆ 1918ರಲ್ಲಿ ಇದೇ ಕಾಲೇಜಿನಿಂದ ಬಿ.ಎ. ಮುಗಿಸುವ ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಈಗ ಇಲ್ಲಿಯ ವಿದ್ಯಾರ್ಥಿ. ಹಾಸ್ಟೆಲಿನ ಕಡೆಯಿಂದ ಎಲ್ಲಾದರೂ ಒಂದು ಕನ್ನಡದ ಮಾತು ಕಿವಿಗೆ ಬಿದ್ದರೆ ಅಚ್ಚರಿಪಡಬೇಕಿಲ್ಲ.

ಇದೇ ಕಾಲೇಜಿನಲ್ಲಿ, ನೀವು ನೋಡಲು ಹೊರಟ ಗೋಪಾಲ ಕೃಷ್ಣ ಗೋಖಲೆ ತಿಂಗಳಿಗೆ 75 ರೂಪಾಯಿ ತೆಗೆದುಕೊಂಡು ಪಾಠ ಹೇಳಿದರು. ಡೆಕ್ಕನ್ ಎಜುಕೇಶನ್ ಸೊಸೈಟಿಯ ಆಜೀವ ಸದಸ್ಯರಿಗೆಲ್ಲ ಅದೇ ಕಟ್ಟಳೆ. 1902ರಲ್ಲಿ ಬಿಟ್ಟಾಗ ಸಿಕ್ಕ ಪಿಂಚಣಿ ತಿಂಗಳಿಗೆ 30 ರೂಪಾಯಿ. ಅವರು ಬರೆದ ಅಂಕಗಣಿತದ ಪಠ್ಯಪುಸ್ತಕ ಶಾಲೆಗಳಲ್ಲಿ ಚೆನ್ನಾಗಿ ಓಡಿತು, ಅದರ ಹಣ ಬಂತು ಅನ್ನುವುದನ್ನೂ ಹೇಳಿಬಿಡಬೇಕು. ಬರಿಗೈ ಸಂನ್ಯಾಸಿಯೆಂದು ಅವರನ್ನು ಚಿತ್ರಿಸುವುದು ನನಗೆ ಒಗ್ಗುವುದಿಲ್ಲ. ಸರ್ಕಾರಕ್ಕೆ ತಲೆನೋವಾದದ್ದು ಅವರ ಬಡತನವಲ್ಲ, ಅವರ ಅಂಕಗಣಿತ.

ಈಗ ಕಾಲೇಜಿನ ಹತ್ತಿರವೇ ಇರುವ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯ ಆವರಣಕ್ಕೆ ಬಂದಿದ್ದೀರಿ. 1905ರ ಜೂನ್ 12ರಂದು ಗೋಖಲೆಯವರು ಕಟ್ಟಿದ ಸಂಸ್ಥೆ. ಇವತ್ತು ಇಲ್ಲಿ ಒಂದು ಸಣ್ಣ ಕೂಟ. ದಕ್ಷಿಣ ಆಫ್ರಿಕದಿಂದ ಜನವರಿಯಲ್ಲಷ್ಟೇ ಬಂದಿಳಿದ ಗಾಂಧಿಯವರ ಸಲುವಾಗಿ ಗೆಳೆಯರನ್ನು ಕರೆದಿದ್ದಾರೆ. ಫಲಾಹಾರ ಅಂದರೆ ಶೇಂಗಾ, ಖರ್ಜೂರ, ಹಣ್ಣು. ಕೂಟದ ಜಾಗ ಗಾಂಧಿಯವರ ಕೋಣೆಯಿಂದ ನಾಲ್ಕು ಹೆಜ್ಜೆ ದೂರ. ಮೈ ಸರಿಯಿಲ್ಲದಿದ್ದರೂ ಗೋಖಲೆ ಬಂದೇ ತೀರುತ್ತೇನೆಂದು ಹಟ ಹಿಡಿದು ಬಂದರು. ಬಂದವರಿಗೆ ಬವಳಿ ಬಂತು. ಎತ್ತಿಕೊಂಡು ಒಳಗೆ ಕರೆದೊಯ್ದರು. ಪ್ರಜ್ಞೆ ಮರಳಿದ ಮೇಲೆ, ಕೂಟ ನಿಲ್ಲಿಸಬೇಡಿ, ಮುಂದುವರಿಸಿ ಎಂದು ಹೇಳಿಕಳಿಸಿದರು. ವಯಸ್ಸು ಇನ್ನೂ 48. ಸಕ್ಕರೆ ಕಾಯಿಲೆ, ಎದೆಯ ತೊಂದರೆ, ಮೇಲೆ ಸರ್ಕಾರ ನೇಮಿಸಿದ ಒಂದು ಆಯೋಗದಲ್ಲಿ ಮೂರು ವರ್ಷದ ದುಡಿಮೆ.

ಒಳಗಿನ ಕೋಣೆಗೆ ನಮಗೆ ಪ್ರವೇಶವಿಲ್ಲ. ಪುಸ್ತಕಗಳ ಕಡೆ ತಿರುಗೋಣ. ದಪ್ಪ ದಪ್ಪ ಸರ್ಕಾರಿ ಸಂಪುಟಗಳು, ಎರಡು ಕೈಯಲ್ಲಿ ಎತ್ತಬೇಕು. ಭಾರತದ ಸರ್ಕಾರಿ ನೌಕರಿಗಳ ಬಗ್ಗೆ 1912ರಲ್ಲಿ ನೇಮಿಸಿದ ರಾಯಲ್ ಕಮಿಷನ್ ಮುಂದೆ ನಡೆದ ಸಾಕ್ಷ್ಯವೆಲ್ಲ ಇಂಥ ಸಂಪುಟಗಳಲ್ಲಿದೆ. ಅಧ್ಯಕ್ಷರು ಲಾರ್ಡ್ ಇಸ್ಲಿಂಗ್ಟನ್. ಒಟ್ಟು ಹನ್ನೆರಡು ಜನ. ಅದರಲ್ಲಿ ಭಾರತೀಯರು ಮೂವರು: ಗೋಖಲೆ, ಮದರಾಸು ಹೈಕೋರ್ಟಿನ ಅಬ್ದುರ್ ರಹೀಮ್, ಮುಂಬೈ ಕಾರ್ಯಕಾರಿ ಮಂಡಲಿಯ ಮಹಾದೇವ ಭಾಸ್ಕರ ಚೌಬಳ. ಮುಂದೆ ಇಂಗ್ಲೆಂಡಿನ ಪ್ರಧಾನಿಯಾಗುವ ರಾಮ್ಸೆ ಮ್ಯಾಕ್‌ಡೊನಾಲ್ಡ್ ಒಬ್ಬ ಸದಸ್ಯ. ತಿಲಕರನ್ನು ಭಾರತದ ಅಶಾಂತಿಯ ಜನಕ ಎಂದು ಬರೆದು ಪುಣೆಯ ಕೆಂಗಣ್ಣಿಗೆ ಗುರಿಯಾದ ವ್ಯಾಲೆಂಟೈನ್ ಚಿರೋಲ್ ಇನ್ನೊಬ್ಬ. ಇಂಥವರ ಜೊತೆ ಒಂದೇ ಮೇಜಿಗೆ ಕೂತದ್ದಕ್ಕೆ ಸದಾಶಿವ ಪೇಠೆಯ ಕಟ್ಟೆಗಳಲ್ಲಿ ಗೋಖಲೆಯವರಿಗೆ ಮಂಗಳಾರತಿ ಆಗದೆ ಇರುತ್ತದೆಯೇ?

ಹಾಳೆ ತಿರುವುತ್ತ ಹೋದರೆ ನೀವು 1913ರ ಮುಂಬೈಯ ಸಭಾಂಗಣದಲ್ಲಿ ಕೂತಂತೆ. ಒಬ್ಬರ ಮೇಲೊಬ್ಬರು ಸಾಹೇಬರು ಬಂದು ದೂರು ಹೇಳುತ್ತಾರೆ. ಬಡ್ತಿ ಕಟ್ಟಿಕೊಂಡಿದೆ, ಮೇಲಿನವರು ಜಾಗ ಬಿಡುತ್ತಿಲ್ಲ. ಮಕ್ಕಳು ಇಂಗ್ಲೆಂಡಿನ ಶಾಲೆಯಲ್ಲಿ, ಹೆಂಡತಿ ಅರ್ಧ ವರ್ಷ ಅಲ್ಲಿ, ತಾವು ಇಲ್ಲಿ, ಎರಡೆರಡು ಸಂಸಾರದ ಖರ್ಚು. ಬೆಲೆ ಏರಿದೆ, ಆಳುಕಾಳಿನ ಕೂಲಿ ಏರಿದೆ, ಸಂಬಳ ಇದ್ದಲ್ಲೇ ಇದೆ. ಇದರಲ್ಲಿ ಸುಳ್ಳೇನಿಲ್ಲ. ಬೆಲೆಯೇರಿಕೆಯ ಬಗ್ಗೆ ಕೆ.ಎಲ್. ದತ್ತ ಅವರ ಸರ್ಕಾರಿ ವರದಿಯೇ 1914ರಲ್ಲಿ ಬಂದಿದೆ. ಆದರೆ ಜೋಳದ ಬೆಲೆ ಏರಿದ್ದು ಕಲೆಕ್ಟರನ ಬಂಗಲೆಗೆ ಮಾತ್ರವೇ? ಕಚೇರಿಯ ಶಿರಸ್ತೇದಾರನಿಗೂ ಪೇದೆಗೂ ಏರಿದೆ. ಅವರ ಸಲುವಾಗಿ ಲಂಡನ್ನಿನಿಂದ ಹಡಗಿನಲ್ಲಿ ಆಯೋಗ ಬರಲಿಲ್ಲ.

ಸಂಬಳದ ಪುಟಗಳನ್ನು ಬೇಗ ದಾಟಿ. ನಿಜವಾದ ಸ್ವಾರಸ್ಯ ರಜೆಯ ಪುಟಗಳಲ್ಲಿದೆ.

ಸಿವಿಲಿಯನ್ ಸಾಹೇಬನಿಗೆ, ಅಂದರೆ ಐ.ಸಿ.ಎಸ್. ಅಧಿಕಾರಿಗೆ, ಎರಡು ಬಗೆಯ ರಜೆ. ಒಂದು ಪ್ರಿವಿಲೇಜ್ ರಜೆ: ಹನ್ನೊಂದು ತಿಂಗಳು ದುಡಿದರೆ ಒಂದು ತಿಂಗಳು, ಪೂರ್ತಿ ಸಂಬಳ, ಮೂರು ತಿಂಗಳವರೆಗೆ ಕೂಡಿಡಬಹುದು. ಇನ್ನೊಂದು ಫರ್ಲೋ: ದುಡಿದ ಕಾಲದ ಕಾಲು ಭಾಗದಷ್ಟು, ಇಡೀ ಸೇವೆಯಲ್ಲಿ ಆರು ವರ್ಷದವರೆಗೆ, ಅರ್ಧ ಸಂಬಳದ ಮೇಲೆ. ಇವು ಯುರೋಪಿಯನ್ ಸೇವೆಗಳ ರಜಾ ನಿಯಮಗಳು. ಇಲ್ಲಿಯವರೇ ತುಂಬಿರುವ ಪ್ರಾಂತೀಯ ಸೇವೆಗೆ ಬೇರೆ ನಿಯಮ, ಅದರಲ್ಲಿ ಫರ್ಲೋ ಬಹಳ ಮೊಟಕು. ಇಪ್ಪತ್ತೈದು ವರ್ಷದ ಲೆಕ್ಕ ತುಂಬಲು ಸಾಹೇಬ ನಿಜವಾಗಿ ದುಡಿಯಬೇಕಾದದ್ದು ಇಪ್ಪತ್ತೊಂದು ವರ್ಷ. ಆಮೇಲೆ ವರ್ಷಕ್ಕೆ ಸಾವಿರ ಪೌಂಡು ಪಿಂಚಣಿ, ಅದಕ್ಕೆ ಸಂಬಳದಲ್ಲಿ ನೂರಕ್ಕೆ ನಾಲ್ಕರಂತೆ ಮುರಿದುಕೊಳ್ಳುತ್ತಾರೆ ನಿಜ. ಪೌಂಡಿಗೆ ಹದಿನೈದು ರೂಪಾಯಿಯಂತೆ ಹಿಡಿಯಿರಿ: ತಿಂಗಳಿಗೆ 1,250. ಫರ್ಗುಸನ್ ಕಾಲೇಜಿನ ಪಿಂಚಣಿದಾರ ಇಷ್ಟನ್ನು ಕಾಣಬೇಕಾದರೆ ಮೂರೂವರೆ ವರ್ಷ ಕಾಯಬೇಕು.

ಈಗ ಇದರ ಒಳಗುಟ್ಟು. ಒಬ್ಬ ಸಾಹೇಬ ರಜೆಯ ಮೇಲೆ ಹೋದರೆ ಜಿಲ್ಲೆ ಖಾಲಿ ಬಿಡುವಂತಿಲ್ಲ. ಹಾಗಾಗಿ ನೂರು ದೊಡ್ಡ ಹುದ್ದೆಗಳಿಗೆ ನೂರು ಜನರನ್ನು ನೇಮಿಸಿದರೆ ಸಾಲದು. ರಜೆಯವರ ಜಾಗ ತುಂಬಲೆಂದೇ ಸುಮಾರು 40 ಜನರನ್ನು ಹೆಚ್ಚಿಗೆ ಇಟ್ಟುಕೊಳ್ಳುತ್ತಾರೆ. ಕೆಳಗಿನ ಹುದ್ದೆ, ತರಬೇತಿಯವರು ಎಲ್ಲ ಸೇರಿ ನೂರು ಹುದ್ದೆಗೆ ಜನ ಇನ್ನೂರರ ಹತ್ತಿರ ಬರುತ್ತಾರೆ. 2,325 ಅನ್ನುವ ಅಂಕಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಈ ನಲವತ್ತು ಜನ ಯಾರ ಕಣ್ಣಿಗೂ ಬೀಳುವುದಿಲ್ಲ. ಇವರು ಇರುವುದು ಯಾಕೆ? ಸಾಹೇಬನ ಊರು ಆರು ಸಾವಿರ ಮೈಲಿ ದೂರ ಇರುವುದರಿಂದ.

ಇಲ್ಲೇ ಗೋಖಲೆಯವರ ಹಳೆಯ ವಾದ ನೆನಪಿಗೆ ಬರಬೇಕು. ಐ.ಸಿ.ಎಸ್. ಪರೀಕ್ಷೆ ಲಂಡನ್ನಿನಲ್ಲಿ ಮಾತ್ರ ಯಾಕೆ, ಭಾರತದಲ್ಲೂ ಅದೇ ಹೊತ್ತಿಗೆ ನಡೆಸಿ ಅನ್ನುವುದು ಕಾಂಗ್ರೆಸ್ಸಿನ ಹುಟ್ಟಿನಿಂದ ಬಂದ ಬೇಡಿಕೆ. 1893ರಲ್ಲಿ ಬ್ರಿಟಿಷ್ ಸಂಸತ್ತಿನ ಕೆಳಮನೆಯೇ ಹಾಗೆಂದು ನಿರ್ಣಯ ಮಾಡಿತ್ತು, ಸರ್ಕಾರ ಅದನ್ನು ಕಪಾಟಿನಲ್ಲಿಟ್ಟಿತು. ನಾವು ಅದನ್ನು ಹಕ್ಕಿನ, ಮಾನದ ಬೇಡಿಕೆಯಾಗಿಯೇ ಓದುತ್ತ ಬಂದಿದ್ದೇವೆ. ಈ ಸಂಪುಟಗಳನ್ನು ನೋಡಿದರೆ ಅದು ಅಷ್ಟೇ ಖಡಕ್ಕಾದ ಹಣದ ಬೇಡಿಕೆಯೂ ಹೌದು. ಲಂಡನ್ನಿನಲ್ಲಿ ಆಳು ಹಿಡಿದರೆ ಲಂಡನ್ನಿನ ದರ ತೆರಬೇಕು, ಆಳು ಊರಿಗೆ ಹೋಗಿಬರಲು ರಜೆ ಕೊಡಬೇಕು, ಅವನಿಲ್ಲದಾಗ ನೋಡಿಕೊಳ್ಳಲು ಇನ್ನೊಬ್ಬನನ್ನು ಸಾಕಬೇಕು. ಪರೀಕ್ಷೆಯ ಕೋಣೆ ಪುಣೆಗೋ ಅಲಹಾಬಾದಿಗೋ ಬಂದರೆ ಇಡೀ ಸರಪಳಿ ತಾನಾಗಿ ಕಳಚುತ್ತದೆ.

ಗೋಖಲೆ ಈ ಎಳೆಯನ್ನು ಹಿಡಿದದ್ದು ಇವತ್ತಲ್ಲ. 1897ರಲ್ಲಿ, ಮೂವತ್ತೊಂದು ತುಂಬುವ ಮೊದಲೇ, ಲಂಡನ್ನಿನಲ್ಲಿ, ಭಾರತದ ಖರ್ಚುವೆಚ್ಚ ವಿಚಾರಿಸುತ್ತಿದ್ದ ವೆಲ್ಬಿ ಆಯೋಗದ ಮುಂದೆ ಸಾಕ್ಷಿ ಹೇಳಿದರು. ವರ್ಷಕ್ಕೆ ಹತ್ತು ಸಾವಿರ ರೂಪಾಯಿಗೆ ಮೇಲ್ಪಟ್ಟು ಪಡೆಯುವ ಅಧಿಕಾರಿಗಳು 2,388, ಅವರಲ್ಲಿ ಈ ದೇಶದವರು 60 ಎಂದು ಸರ್ಕಾರದ್ದೇ ಪಟ್ಟಿಯಿಂದ ತೆಗೆದಿಟ್ಟರು. ರೂಪಾಯಿಯ ಬೆಲೆ ಇಳಿಯಿತೆಂದು 1893ರಲ್ಲಿ ಸಾಹೇಬರಿಗೆ ಕೊಟ್ಟ ವಿನಿಮಯ ಭತ್ಯೆಯನ್ನೂ ಬಿಡಲಿಲ್ಲ. ಅರ್ಧ ಸಂಬಳಕ್ಕೆ ಪೇಟೆಯ ದರ ಬಿಟ್ಟು, ರೂಪಾಯಿಗೆ ಒಂದು ಶಿಲಿಂಗ್ ಆರು ಪೆನ್ಸ್ ಲೆಕ್ಕ. ಊರಿಗೆ ಒಂದು ಕಾಸು ಕಳಿಸದವನಿಗೂ ಅದು ಸಿಗುತ್ತಿತ್ತು. ರೂಪಾಯಿ ಒಂದು ಶಿಲಿಂಗ್ ನಾಲ್ಕು ಪೆನ್ಸಿಗೆ ಗಟ್ಟಿಯಾಗಿ ನಿಂತ ಮೇಲೂ ಆ ಸೂತ್ರದ ಪ್ರಕಾರ ಹಿರಿಯ ಕಲೆಕ್ಟರಿಗೆ ತಿಂಗಳಿಗೆ 145 ರೂಪಾಯಿ ಬರುತ್ತದೆ. ಪೆನ್ಸಿಲ್ ಇದ್ದರೆ ನೀವೇ ಮಾಡಿ ನೋಡಿ.

ಅದೇ ಲಂಡನ್ ಪ್ರವಾಸ ಅವರಿಗೆ ಕಹಿಯಾಗಿ ಮುಗಿಯಿತು. ಪುಣೆಯ ಪ್ಲೇಗಿನಲ್ಲಿ ಸಿಪಾಯಿಗಳು ನಡೆಸಿದ ಅತ್ಯಾಚಾರದ ಸುದ್ದಿಯನ್ನು ಪತ್ರಗಳ ಆಧಾರದ ಮೇಲೆ ಹೇಳಿ, ಊರಿಗೆ ಬಂದ ಮೇಲೆ ರುಜುವಾತು ಸಿಗದೆ ಕ್ಷಮೆ ಕೇಳಬೇಕಾಯಿತು. ಪುಣೆ ಅದನ್ನು ಬಹುಕಾಲ ಮರೆಯಲಿಲ್ಲ. ಆಮೇಲಿನ ಗೋಖಲೆ ಸರ್ಕಾರದ ಅಚ್ಚಿನ ಅಂಕಿಯನ್ನೇ ಸರ್ಕಾರದ ಮುಂದೆ ಹಿಡಿಯುವುದನ್ನು ಅಷ್ಟು ಕಟ್ಟುನಿಟ್ಟಾಗಿ ರೂಢಿಸಿಕೊಂಡದ್ದಕ್ಕೂ ಈ ಪೆಟ್ಟಿಗೂ ಸಂಬಂಧ ಇರಬೇಕೆಂದು ನನ್ನ ಊಹೆ.

ಯುದ್ಧ ಬಂದಾಗ ಅವರು ಇದೇ ಆಯೋಗದ ಕೆಲಸದ ಮೇಲೆ ಆ ಕಡೆ ಇದ್ದರು. ಆರೋಗ್ಯಕ್ಕೆಂದು ಫ್ರಾನ್ಸಿನ ವಿಶಿ ಎಂಬ ಊರಿಗೆ ಹೋಗಿದ್ದವರು ಹೊರಬರಲಾಗದೆ ಪ್ಯಾರಿಸ್ಸಿನಲ್ಲಿ ಸಿಕ್ಕಿಬಿದ್ದರು. ಆಗಸ್ಟ್ 6ರಂದು ಲಂಡನ್ನಿಗೆ ಬಂದ ಗಾಂಧಿ ಅವರ ದಾರಿ ಕಾಯುತ್ತ ಕೂತರು. ಅದೇ ವರ್ಷ ಸರ್ಕಾರ 'ಸರ್' ಪದವಿ ಕೊಡುತ್ತೇನೆಂದಿತು, ಇವರು ಬೇಡವೆಂದರು. ಯುದ್ಧದಲ್ಲಿ ಬ್ರಿಟನ್ನಿಗೆ ಬೆಂಬಲ, ಲೆಕ್ಕದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಎರಡೂ ಒಟ್ಟಿಗೆ ಸಾಧ್ಯವೆಂದು ನಂಬಿದ ತಲೆಮಾರು ಅದು. ಬೆಂಬಲವನ್ನು ಸರ್ಕಾರ ಕೂಡಲೇ ತೆಗೆದುಕೊಂಡಿತು.

ಫೆಬ್ರುವರಿ 17. ಗವರ್ನರ್ ವಿಲಿಂಗ್ಡನ್ ಕೇಳಿದ್ದಾರೆಂದು ಮುಂದಿನ ಸುಧಾರಣೆಗಳ ಕರಡನ್ನು ಗೋಖಲೆ ಬರೆದು ಮುಗಿಸುತ್ತಾರೆ. 19ರ ರಾತ್ರಿ ಹತ್ತು ದಾಟಿದ ಮೇಲೆ ಜೀವ ಹೋಗುತ್ತದೆ. ಮಾರನೆಯ ದಿನ ಲಕಡೀ ಪೂಲ್ ಕಡೆಗೆ ಜನವೋ ಜನ. ಟಾಂಗಾ ಹೋಗುವಂತಿಲ್ಲ, ನೀವೂ ಇಳಿದು ನಡೆಯಬೇಕು. ಸಿಂಹಗಡದಲ್ಲಿದ್ದ ತಿಲಕರು ಸುದ್ದಿ ಕೇಳಿ ಇಳಿದು ಬಂದಿದ್ದಾರೆ. ಜೀವಮಾನವೆಲ್ಲ ಜಗಳಾಡಿದ ಎದುರಾಳಿಯ ಬಗ್ಗೆ ಸ್ಮಶಾನದಲ್ಲಿ ನಿಂತು ಗೌರವದಿಂದ ಮಾತಾಡುತ್ತಾರೆ. ಗಾಂಧಿಗೆ ಸುದ್ದಿ ಶಾಂತಿನಿಕೇತನದಲ್ಲಿ ಮುಟ್ಟುತ್ತದೆ. ಇತ್ತ ಬೆಂಗಳೂರಿನಲ್ಲಿ ಡಿ.ವಿ. ಗುಂಡಪ್ಪನವರು ಗೋಖಲೆಯವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆಯುತ್ತಾರೆ. ಮೂವತ್ತು ವರ್ಷದ ನಂತರ ಅವರದೇ ಹೆಸರಿನಲ್ಲಿ ಸಾರ್ವಜನಿಕ ಸಂಸ್ಥೆಯನ್ನೂ ಕಟ್ಟುತ್ತಾರೆ.

ಆಯೋಗದ ವರದಿಗೆ ಸಹಿ ಬಿದ್ದದ್ದು ಆಗಸ್ಟ್‌ನಲ್ಲಿ, ಗೋಖಲೆಯವರ ಸಹಿ ಇಲ್ಲದೆ. ಆಮೇಲೆ ಸರ್ಕಾರ ಅದನ್ನು ಯುದ್ಧದ ನೆಪದಲ್ಲಿ ಒಳಗಿಟ್ಟಿತು. ಯುದ್ಧಕಾಲದಲ್ಲಿ ತಕರಾರಿನ ವಿಷಯ ಎತ್ತಬಾರದಂತೆ. ಎತ್ತಬಾರದವರು ಜನ ಮಾತ್ರ. ಅದೇ 1915ರಲ್ಲಿ ಲಂಡನ್ನಿನಲ್ಲಿ ಹೊಸ ಕಾಯ್ದೆ ಬಂತು: ಹುಡುಗರೆಲ್ಲ ಯುದ್ಧಕ್ಕೆ ಹೋಗಿರುವುದರಿಂದ ಪರೀಕ್ಷೆಯಿಲ್ಲದೆ ನಾಮನಿರ್ದೇಶನದಿಂದಲೇ ಐ.ಸಿ.ಎಸ್.ಗೆ ತೆಗೆದುಕೊಳ್ಳಬಹುದು. ಪರೀಕ್ಷೆಯನ್ನು ಪುಣೆಯಲ್ಲಿ ನಡೆಸಿದರೆ ಯೋಗ್ಯತೆ ಕೆಡುತ್ತದೆ ಎಂದವರಿಗೆ ಪರೀಕ್ಷೆಯನ್ನೇ ಬಿಟ್ಟರೆ ಕೆಡುವುದಿಲ್ಲ.

ರಜೆ ಏನಾಯಿತು? ಹೋಗಲು ದಾರಿಯೇ ಇಲ್ಲವಾಯಿತು. 1915ರ ಡಿಸೆಂಬರ್ 30ರಂದು ಭಾರತದ ಕಡೆ ಬರುತ್ತಿದ್ದ 'ಪರ್ಷಿಯಾ' ಹಡಗನ್ನು ಜರ್ಮನ್ ಸಬ್‌ಮರೀನ್ ಮೆಡಿಟರೇನಿಯನ್ನಿನಲ್ಲಿ ಮುಳುಗಿಸಿತು. ಮಾರನೇ ವರ್ಷ 'ಅರೇಬಿಯಾ' ಹೋಯಿತು. ಸಾಹೇಬರು ಸುಡುಬಿಸಿಲಿನಲ್ಲಿ ಇಲ್ಲೇ ಉಳಿದರು, ಕೆಲವರು ರಜೆ ಕೊಡಿ, ಸೈನ್ಯಕ್ಕೆ ಸೇರುತ್ತೇವೆ ಎಂದು ಅರ್ಜಿ ಹಾಕಿದರು. ಸರ್ಕಾರ ಬಹುತೇಕರನ್ನು ಬಿಡಲಿಲ್ಲ. ಅವರ ಸಂಕಟ ನಿಜವಾದದ್ದೇ. ಮಕ್ಕಳ ಮುಖ ನೋಡದೆ ನಾಲ್ಕೈದು ವರ್ಷ ಕಳೆದವರಿದ್ದಾರೆ. ಆದರೆ ಆ ರಜೆ ರದ್ದಾಗಲಿಲ್ಲ, ಖಾತೆಯಲ್ಲಿ ಕೂಡಿಕೊಳ್ಳುತ್ತ ಹೋಯಿತು. ಅತ್ತ ಪೂನಾ ಡಿವಿಜನ್ ಕೂತ್ ಎಂಬ ಊರಿನಲ್ಲಿ ಮುತ್ತಿಗೆಗೆ ಸಿಕ್ಕಿ, ಕುದುರೆ ಮಾಂಸದವರೆಗೂ ಬಂದು, 1916ರ ಏಪ್ರಿಲ್ 29ರಂದು ಶರಣಾಯಿತು. ಸೆರೆಯ ನಡಿಗೆಯಲ್ಲಿ ಸತ್ತ ಸಿಪಾಯಿಗಳಿಗೆ ಅಂಥ ಖಾತೆ ಇರಲಿಲ್ಲ.

1917ರ ಜನವರಿ. ಮತ್ತೆ ಅದೇ ಆವರಣ. ವರದಿ ಕೊನೆಗೂ ಹೊರಬಂದಿದೆ. ಸಂಬಳದ ಬಗ್ಗೆ ಆಯೋಗ ಹೇಳಿದ ತತ್ವ ಇದು: ತಕ್ಕ ಯೋಗ್ಯತೆಯವರು ಸಿಗುವಷ್ಟು, ಸಿಕ್ಕವರು ಆಮಿಷಕ್ಕೆ ಬೀಳದೆ ಮರ್ಯಾದೆಯಿಂದ ಬಾಳುವಷ್ಟು ಕೊಡಿ, ಅದಕ್ಕಿಂತ ಹೆಚ್ಚಲ್ಲ. ಇವತ್ತಿಗೂ ವೇತನ ಆಯೋಗಗಳು ಈ ಮಾತಿನ ಸುತ್ತ ಸುತ್ತುತ್ತವೆ. ಕೇಳಲು ಚೆನ್ನ. ಆದರೆ ಯಾವ ಪೇಟೆಯಲ್ಲಿ ಸಿಗುವಷ್ಟು ಅನ್ನುವುದನ್ನು ಬಿಟ್ಟರೆ ಸೂತ್ರಕ್ಕೆ ಬೆಲೆಯೇ ಇಲ್ಲ. ಮೇಲ್ದರ್ಜೆಯ ಹುದ್ದೆಗಳಲ್ಲಿ ಭಾರತೀಯರಿಗೆ ನಾಲ್ಕರಲ್ಲಿ ಒಂದು ಪಾಲು ಸಾಕು ಎಂದಿತು ವರದಿ. ಪಿಂಚಣಿಗೆ ಮುರಿಯುವ ನೂರಕ್ಕೆ ನಾಲ್ಕನ್ನು ಬಿಡಿ ಎಂದೂ ಸೇರಿಸಿತು. ಅಬ್ದುರ್ ರಹೀಮ್ ಒಪ್ಪದೆ ಉದ್ದವಾದ ಭಿನ್ನಮತ ಬರೆದರು. ಗೋಖಲೆ ಇದ್ದಿದ್ದರೆ ಅದು ಒಂಟಿ ದನಿಯಾಗುತ್ತಿತ್ತೇ ಎಂದು ಆ ದಿನ ಪುಣೆಯಲ್ಲಿ ಓದಿದವರು ಕೇಳಿಕೊಂಡಿರಲಾರರೇ?

ವರದಿ ಹುಟ್ಟುವಾಗಲೇ ಮುದಿಯಾಗಿತ್ತು. ಆಗಸ್ಟ್ 20ರಂದು, ಭಾರತಕ್ಕೆ ಹಂತಹಂತವಾಗಿ ಜವಾಬ್ದಾರಿ ಸರ್ಕಾರ ಕೊಡುತ್ತೇವೆಂಬ ಮಾಂಟೆಗ್ಯು ಘೋಷಣೆ ಬಂತು. ಮರುವರ್ಷದ ಸುಧಾರಣಾ ವರದಿ ಕಾಲು ಪಾಲನ್ನು ಮೂರನೇ ಒಂದಕ್ಕೆ ಏರಿಸಿತು. ಆದರೆ ಹಣದ ಶಿಫಾರಸುಗಳು ಮುದಿಯಾಗಲಿಲ್ಲ. ನೂರಕ್ಕೆ ನಾಲ್ಕರ ಮುರಿತ 1919ರಲ್ಲಿ ಹೋಯಿತು. ಯುದ್ಧ ಮುಗಿದದ್ದೇ ಸಂಬಳ ಪರಿಷ್ಕರಣೆ, ಸಾಗರದಾಚೆಯವರಿಗೆ ಬೇರೆ ವೇತನ, ಕೂಡಿಬಿದ್ದ ರಜೆಗೆ ಹಡಗಿನ ಕ್ಯೂ. 1922ರ ಜನವರಿ 1ರಿಂದ ರಜೆಯ ಲೆಕ್ಕವನ್ನು ಹೊಸದಾಗಿ ಹೊಲಿದ 'ಫಂಡಮೆಂಟಲ್ ರೂಲ್ಸ್' ಜಾರಿಗೆ ಬಂದವು. ನಮ್ಮ ಸರ್ಕಾರಿ ನೌಕರರು ಈಗಲೂ 'ಎಫ್.ಆರ್.' ಎನ್ನುವುದು ಅದನ್ನೇ. ಆ ವರ್ಷವೇ ಐ.ಸಿ.ಎಸ್. ಪರೀಕ್ಷೆ ಮೊದಲ ಸಲ ಭಾರತದಲ್ಲಿ, ಅಲಹಾಬಾದಿನಲ್ಲಿ, ನಡೆಯಿತು. ಎರಡು ವರ್ಷ ಕಳೆಯುವುದರೊಳಗೆ ಲೀ ಆಯೋಗ ಬಂದು ಸಾಹೇಬನಿಗೂ ಹೆಂಡತಿಗೂ ಸೇವಾವಧಿಯಲ್ಲಿ ನಾಲ್ಕು ಸಲ ಇಂಗ್ಲೆಂಡಿಗೆ ಹೋಗಿಬರುವ ಟಿಕೆಟ್ಟನ್ನು, ಮಕ್ಕಳಿಗೆ ಒಂದು ಕಡೆಯ ಪ್ರಯಾಣದ್ದು ಒಂದೊಂದನ್ನು, ಭಾರತದ ಖಜಾನೆಯ ಲೆಕ್ಕಕ್ಕೆ ಬರೆಯಿತು.